ಡಿಪೋ ಸಿಗದ ಊರಿನ ನಕ್ಷೆ

ನಿವೃತ್ತನಾದ ಮೇಲೂ ಡ್ರೈವರ್‌ಗೆ ಡ್ಯೂಟಿ ತಪ್ಪಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಸ್ಟಿಯರಿಂಗು ತಾನಾಗಿ ಕೈಗೆ ಬಂದು ಕೂರುತ್ತಿತ್ತು. ಅದೇ ಹಳೆಯ ಬಸ್ಸು, ಎರಡನೇ ಗೇರಿಗೆ ಬೀಳುವಾಗ ಮುದುಕನಂತೆ ಕೆಮ್ಮುವ ಅದೇ ಎಂಜಿನ್ನು, ಎಡಗಡೆಯ ಕನ್ನಡಿಗೆ ಅವನೇ ಸುತ್ತಿದ್ದ ತಂತಿ. ಊರು ಮಾತ್ರ ಬೇರೆ. ಆ ಊರಲ್ಲಿ ಯಾವಾಗಲೂ ಮಧ್ಯಾಹ್ನ ಇಳಿದ ಹೊತ್ತು. ಬಿಸಿಲು ಗೋಡೆಗಳಿಗೆ ಹಳದಿಯಾಗಿ ಒರಗಿಕೊಂಡಿರುತ್ತಿತ್ತು. ಅಂಗಡಿಗಳ ಬಾಗಿಲು ಅರ್ಧ ಎಳೆದಿರುತ್ತಿದ್ದವು. ಒಗೆದು ಹರವಿದ ಬಟ್ಟೆಗಳು ಗಾಳಿಯಿಲ್ಲದಿದ್ದರೂ ಅಲ್ಲಾಡುತ್ತಿದ್ದವು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಒಬ್ಬರಿಗೂ ಅವಸರವಿರಲಿಲ್ಲ. ಗಡಿಯಾರ ರಿಪೇರಿಯವರ ಬೀದಿ ತಿರುಗಿದರೆ ನದಿ ಸಿಗುತ್ತಿತ್ತು. ನದಿಯ ಪಕ್ಕದಲ್ಲೇ ಹೋದರೆ ಏಣಿಯ ಹಾಗೆ ಮೇಲೇರುವ ರಸ್ತೆ. ಅದರ ತುದಿ ಮುಟ್ಟಿದರೆ ಮತ್ತೆ ಅದೇ ನದಿ, ಈ ಸಲ ಬಲಗಡೆಗೆ.

ಎಲ್ಲವೂ ಇದ್ದ ಆ ಊರಲ್ಲಿ ಡಿಪೋ ಇರಲಿಲ್ಲ. ದಿನವಿಡೀ ಗಾಡಿ ಓಡಿಸಿದವನಿಗೆ ಕೊನೆಗೆ ಬೇಕಾಗುವುದು ಒಂದೇ: ಗೇಟಿನೊಳಗೆ ತಂದು ನಿಲ್ಲಿಸುವುದು, ಲಾಗ್‌ಶೀಟಿಗೆ ಸಹಿ ಗೀಚುವುದು, ಸೀಟನ್ನು ಎರಡು ಸಲ ತಟ್ಟಿ ಇಳಿದು ಹೋಗುವುದು. ಸೀಟು ತಟ್ಟುವುದು ಅವರ ಡಿಪೋದ ಕ್ರಮ. ತಟ್ಟಿದ ಮೇಲೆ ಗಾಡಿ ಮುಂದಿನವನದು. ತಟ್ಟದೆ ಒಬ್ಬ ಸೀಟಿನಲ್ಲೇ ತೂಕಡಿಸುತ್ತ ಕೂತಿದ್ದರೆ, ಯಾವ ಸಾಹೇಬ ಬಂದು ಗಂಟಲು ಹರಿದುಕೊಂಡರೂ ಇನ್ನೊಬ್ಬ ಆ ಗಾಡಿ ಹತ್ತುತ್ತಿರಲಿಲ್ಲ. ಮಲಗಿದ್ದವನನ್ನು ಹಾಗೇ ಪಕ್ಕಕ್ಕೆ ತಳ್ಳಿ ಗಾಡಿ ಬಿಡಿಸಲು ನೋಡಿದ ಒಬ್ಬ ಸಾಹೇಬನಿಗೆ ಇಡೀ ಡಿಪೋ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಿತ್ತು. ಸಾಹೇಬನೇ ಹೋಗಿ ಮಲಗಿದ್ದವನನ್ನು ನಯವಾಗಿ ಎಬ್ಬಿಸುವ ತನಕ ಒಂದು ಚಕ್ರವೂ ಉರುಳಲಿಲ್ಲ.

ಕನಸಿನ ಊರಲ್ಲಿ ತಟ್ಟಿ ಇಳಿಯಲು ಜಾಗವೇ ಇಲ್ಲ. ರಾತ್ರಿಯಿಡೀ ಗಾಡಿ ಓಡಿಸಿ ಬೆಳಗಾಗುವಾಗ ನಡುರಸ್ತೆಯಲ್ಲಿ ಎಚ್ಚರವಾಗುತ್ತಿತ್ತು. ಭುಜ ಜಗ್ಗುತ್ತಿತ್ತು, ಬಲಗಾಲಿನ ಮೀನಖಂಡ ಕಲ್ಲಾಗಿರುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಗಾಢವಾಯಿತು, ರೂಟು ಉದ್ದವಾಯಿತು, ಅಷ್ಟೇ.

ಡಿಪೋ ಹುಡುಕಬೇಕಾದರೆ ನಕ್ಷೆ ಬೇಕು. ಡ್ರೈವರ್ ಮೊದಲು ಕಾಗದದ ಮೇಲೆ ಬರೆದ. ಆದರೆ ಆ ಊರು ಕಾಗದದ ಅಂಚಿಗೆ ನಿಲ್ಲುವಂಥದ್ದಲ್ಲ. ಇವತ್ತು ಬರೆದ ಬೀದಿಯನ್ನು ನಾಳೆ ಒಂದು ಗೇಣು ಪಕ್ಕಕ್ಕೆ ಸರಿಸಬೇಕಾಗುತ್ತಿತ್ತು. ಅಳಿಸಿ ಅಳಿಸಿ ನದಿಯ ಜಾಗದಲ್ಲಿ ಕಾಗದ ತೂತಾಯಿತು.

ಹಾಗಾಗಿ ಅವನು ಕರಪತ್ರದ ಹತ್ತಿರ ಹೋದ. ಕರಪತ್ರ ಅಂದರೆ ಡಿಪೋದ ಹಳೆಯ ಮೆಕ್ಯಾನಿಕ್. ಮುಷ್ಕರದ ಕಾಲದಲ್ಲಿ ಬಸ್ಸುಗಳ ಬೆನ್ನಿಗೆ, ಸಾಹೇಬರ ಕಾರಿಗೆ, ಒಮ್ಮೆ ಪೊಲೀಸಿನವನ ಸೈಕಲ್ಲಿಗೂ ಕರಪತ್ರ ಅಂಟಿಸಿ ಬಂದಿದ್ದಕ್ಕೆ ಆ ಹೆಸರು ಬಿತ್ತು, ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಳು. ಈಗ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಜನ ಎಸೆದ ಕಂಪ್ಯೂಟರುಗಳಿಗೆ ಜೀವ ಕೊಡುತ್ತಿದ್ದ. ಕಂಡವರಿಗೆಲ್ಲ ಒಂದೊಂದು ಪೆನ್‌ಡ್ರೈವ್ ಹಂಚುವ ಚಟ ಹತ್ತಿತ್ತು. ಅದರಲ್ಲಿ ಲಿನಕ್ಸ್ ಇರುತ್ತಿತ್ತು: ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವಂಥದ್ದೇ, ಆದರೆ ಯಾರ ಅಪ್ಪನ ಸ್ವತ್ತೂ ಅಲ್ಲ, ಬೇಕಾದವರು ಬಳಸಿ, ಹಂಚಿ, ಬಿಚ್ಚಿ ನೋಡಿ ಅನ್ನುವ ಜಾತಿಯದು.

ಡ್ರೈವರ್‌ನ ಮನೆಯಲ್ಲಿದ್ದ ಕಂಪ್ಯೂಟರು ಸೊಸೆಯದು. ಎರಡೇ ಕೋಣೆಯ ಮನೆ, ಕೆಳಗೆ ಬೀಗ ರಿಪೇರಿಯವನ ಅಂಗಡಿ. ಮಗ ಲಿಫ್ಟು ರಿಪೇರಿಗೆ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದ. ಸೊಸೆ ಅಡುಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಟ್ಟೆ ಒಗೆಯುವ ಯಂತ್ರ ಮಾರುವ ಒಂದು ಕಂಪನಿಗೆ ಮನೆಯಿಂದಲೇ ದುಡಿಯುತ್ತಿದ್ದಳು. ಗಿರಾಕಿಗಳು ಫೋನಿನಲ್ಲಿ ಗೋಳು ಹೇಳಿಕೊಂಡದ್ದನ್ನು ಕೇಳಿ, ಒಂದೊಂದು ಗೋಳಿಗೂ ಒಂದೊಂದು ವರದಿ ಬರೆದು ಕಳಿಸುವ ಕೆಲಸ. ಆ ಯಂತ್ರವನ್ನು ಯಾರೂ ಮುಟ್ಟಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಹಿಂದೆ ಒಮ್ಮೆ ಮಗ ಮುಟ್ಟಿ ಏನೋ ಅಳಿಸಿ, ಆಮೇಲೆ ಅವಳು ಮಾತು ಬಿಟ್ಟಿದ್ದರಿಂದ ವಾರಗಟ್ಟಲೆ ಗೋಡೆಯ ಜೊತೆ ಮಾತಾಡಿಕೊಂಡಿದ್ದ.

ಕರಪತ್ರ ಭಯ ಬೇಡ ಅಂದ. ಪೆನ್‌ಡ್ರೈವನ್ನು ಚುಚ್ಚಿ ಅದರಿಂದಲೇ ಯಂತ್ರ ಚಾಲೂ ಮಾಡಿದರೆ ಒಳಗಿರುವ ವಿಂಡೋಸ್ ಗೊರಕೆ ಹೊಡೆಯುತ್ತಲೇ ಇರುತ್ತದೆ, ಅದರ ಸಾಮಾನನ್ನು ನೀನು ಮುಟ್ಟುವುದೂ ಇಲ್ಲ, ಎದ್ದು ಹೋದ ಮೇಲೆ ನೀನು ಬಂದಿದ್ದೆ ಅನ್ನುವ ಗುರುತೂ ಉಳಿಯುವುದಿಲ್ಲ ಅಂತ ವಿವರಿಸಿದ.

ಹೇಳಿದ್ದು ನಿಜವೇ. ನಸುಕಿನಲ್ಲಿ, ಸೊಸೆ ಏಳುವ ಮೊದಲು, ಡ್ರೈವರ್ ಅಡುಗೆ ಮೇಜಿಗೆ ಕೂತು ಕನಸಿನ ಬಿಸಿ ಆರುವುದರೊಳಗೆ ಬೀದಿಗಳನ್ನು ಬಿಡಿಸಿದ. ಬೀದಿ ಸರಿಯುತ್ತಿತ್ತು, ನದಿ ಬಾಗುತ್ತಿತ್ತು, ಒಂದು ತೂತೂ ಬೀಳಲಿಲ್ಲ. ಯಂತ್ರ ಆರಿಸಿ ಹಾಯಾಗಿ ಟೀ ಕುಡಿದ. ಮಾರನೆಯ ಬೆಳಿಗ್ಗೆ ತೆರೆದರೆ ನಕ್ಷೆಯೂ ಇಲ್ಲ, ನದಿಯೂ ಇಲ್ಲ. ಲಿನಕ್ಸ್ ಅವನನ್ನು ಮೊದಲ ಸಲ ನೋಡಿದ ಮುಖ ಮಾಡಿಕೊಂಡು ಹೊಸದಾಗಿ ಸ್ವಾಗತ ಹೇಳಿತು.

"ಗುರುತು ಉಳಿಯಲ್ಲ ಅಂದಿದ್ದೆನಲ್ಲ," ಅಂದ ಕರಪತ್ರ.

"ನಾನು ಬಂದ ಗುರುತು ಉಳೀಬಾರದು ಕಣಯ್ಯಾ. ನಾನು ಬರೆದದ್ದು ಉಳೀಬೇಕು."

"ಹಂಗಾದ್ರೆ ನಿನ್ನ ಲಿನಕ್ಸಿಗೆ ಒಂದು ಪೆಟ್ಟಿಗೆ ಬೇಕು. ಇದು ಪೂರ್ತಿ ಬರೀ ತಲೆಯಲ್ಲೇ ಬದುಕೋದು. ಕರೆಂಟು ಹೋಯ್ತು, ತಲೆ ಖಾಲಿ."

ಪೆನ್‌ಡ್ರೈವ್‌ನಲ್ಲಿ ಜಾಗವಿರಲಿಲ್ಲ, ಲಿನಕ್ಸೇ ಅದನ್ನು ಕಂಠದ ತನಕ ತುಂಬಿತ್ತು. ಆದರೆ ಸೊಸೆಯ ಯಂತ್ರದೊಳಗೆ ವಿಂಡೋಸಿನ ಎರಡನೇ ಪಾರ್ಟಿಷನ್, ಅಂದರೆ ಡಿಸ್ಕಿನ ಇನ್ನೊಂದು ಪಾಲು ಇತ್ತು, ಮನೆಯಲ್ಲಿ ಯಾರೂ ಮಲಗದ ಕೋಣೆಯ ಹಾಗೆ, ಮುಕ್ಕಾಲು ಖಾಲಿ. ಅಲ್ಲೊಂದು ದೊಡ್ಡ ಫೈಲು ಮಾಡಿಟ್ಟರೆ, ವಿಂಡೋಸಿನ ಕಣ್ಣಿಗೆ ಅದು ಬರೀ ಒಂದು ದಪ್ಪ ಮೂಟೆ. ಲಿನಕ್ಸ್ ಎದ್ದಾಗ ಆ ಮೂಟೆ ಬಿಚ್ಚಿ ಅದರೊಳಗೆ ತನ್ನ ಸಂಸಾರ ಹೂಡುತ್ತದೆ, ಹೋಗುವಾಗ ಕಟ್ಟಿಟ್ಟು ಹೋಗುತ್ತದೆ. ಸೊಸೆ ತವರಿಗೆ ಹೋಗಿದ್ದ ಒಂದು ದಿನ ಕರಪತ್ರ ಮನೆಗೆ ಬಂದು ಅದನ್ನು ಮಾಡಿಕೊಟ್ಟ. ಲಿನಕ್ಸ್ ಏಳುವಾಗ ಆ ಮೂಟೆಯನ್ನು ಹುಡುಕಿಕೊಳ್ಳಬೇಕು ಅಂತ ಪೆನ್‌ಡ್ರೈವಿಗೆ ಒಂದು ಮಾತು ಕಲಿಸಿದ. ಸೊಸೆಗೆ ಹೇಳಬೇಕಾಗಿತ್ತು ಅಂತ ಇಬ್ಬರಿಗೂ ಅನ್ನಿಸಿತು. ಅನ್ನಿಸಿದ್ದನ್ನು ಇಬ್ಬರೂ ಟೀಯ ಜೊತೆ ನುಂಗಿದರು.

ಅಲ್ಲಿಂದ ಮುಂದೆ ಊರು ಬೆಳೆಯಿತು. ರಾತ್ರಿ ಓಡಿಸಿದ್ದು ಬೆಳಿಗ್ಗೆ ನಕ್ಷೆಗೆ ಸೇರುತ್ತಿತ್ತು, ಬೆಳಿಗ್ಗೆ ಬರೆದದ್ದು ರಾತ್ರಿ ದಾರಿಗೆ ಬರುತ್ತಿತ್ತು. ಕಾಣದ್ದನ್ನು ಅವನು ಒಂದು ಗೆರೆಯಷ್ಟೂ ಬರೆಯುತ್ತಿರಲಿಲ್ಲ. ಬಣ್ಣದ ಕಾರ್ಖಾನೆಯ ಹಿಂದೆ ಮೂರು ಬಣ್ಣದ ನೀರು ಹರಿಯುವ ಚರಂಡಿ, ಕಿವುಡರ ಶಾಲೆಯ ಮುಂದೆ ಹಾರನ್ ಹೊಡೆಯಬೇಡಿ ಅನ್ನುವ ಬೋರ್ಡು, ಒಬ್ಬಳೇ ಹೆಂಗಸು ಛತ್ರಿ ಹಿಡಿದು ನಿಂತಿರುತ್ತಿದ್ದ, ಆದರೆ ಬಸ್ಸು ನಿಲ್ಲಿಸಿದರೆ ಮುಂದಿನದಕ್ಕೆ ಬರ್ತೀನಿ ಅನ್ನುತ್ತಿದ್ದ ಸ್ಟಾಪು, ಎಲ್ಲವೂ ನಕ್ಷೆಯಲ್ಲಿ ಕೂತವು. ಎಲ್ಲ ಸೇರಿದ ಮೇಲೆ ನಕ್ಷೆಯಲ್ಲಿ ಒಂದೇ ಒಂದು ಖಾಲಿ ಜಾಗ ಉಳಿಯತೊಡಗಿತು, ಗಡಿಯಾರ ರಿಪೇರಿಯವರ ಬೀದಿಯ ಬೆನ್ನಿಗೆ. ಡಿಪೋ ಇದ್ದರೆ ಅಲ್ಲೇ ಇರಬೇಕು. ಅಲ್ಲಿಗೆ ತಿರುಗುವ ಸಂದು ಎಲ್ಲಿದೆ ಅಂತ ಗೊತ್ತಾದರೆ ಮುಗಿಯಿತು. ಡ್ರೈವರ್ ಮಾತ್ರೆ ನಿಲ್ಲಿಸಿದ. ಕೆಳಗಿನ ಬೀಗದವನಿಗೆ, ಇನ್ನು ಸ್ವಲ್ಪ ದಿನ ಅಷ್ಟೇ, ಆಮೇಲೆ ನಾನು ನಿಜವಾಗಿ ರಿಟೈರ್ ಆಗ್ತೀನಿ ಅಂತ ಹೇಳಿಕೊಂಡು ತಿರುಗಿದ. ಬೀಗದವನು ತಲೆಯಾಡಿಸಿ, ಮುದುಕನಿಗೆ ಬಿಸಿಲು ತಾಗಿದೆ ಅಂದುಕೊಂಡ.

ಹೀಗಿರುವಾಗ ಒಂದು ಬೆಳಿಗ್ಗೆ ಲಿನಕ್ಸ್ ಮತ್ತೆ ಮೊದಲ ಸಲದ ಮುಖ ಮಾಡಿತು.

ಡ್ರೈವರ್ ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿದ. ಆರಿಸಿ ಮತ್ತೆ ಚಾಲೂ ಮಾಡಿದ. ಬೆಳಿಗ್ಗೆ ಸ್ಟಾರ್ಟ್ ಆಗದ ಬಸ್ಸನ್ನು ಹೇಗೆ ಮತ್ತೆ ಮತ್ತೆ ಕೆಮ್ಮಿಸಿ ನೋಡುತ್ತಿದ್ದನೋ ಹಾಗೇ. ಊರು ಬರಲಿಲ್ಲ. ಕೂತು ಮೊದಲಿನಿಂದ ಬರೆದ. ಮಾರನೆಯ ದಿನ ಅದೂ ಇಲ್ಲ. ಆ ರಾತ್ರಿಗಳಲ್ಲಿ ಕನಸಿನ ಊರೂ ಕೆಟ್ಟಿತು. ಬೀದಿಗಳ ಬೋರ್ಡಿನ ಮೇಲೆ ಅಕ್ಷರ ಇರಲಿಲ್ಲ. ಜನ ಹತ್ತಿ, ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಅವನು ಆ ಖಾಲಿ ಬೋರ್ಡುಗಳ ಕಡೆ ಕೈ ತೋರಿಸುತ್ತಿದ್ದ. ಛತ್ರಿಯ ಹೆಂಗಸೂ ಬರಲಿಲ್ಲ.

ಅವನು ಸೀದಾ ಕರಪತ್ರದ ಅಂಗಡಿಗೆ ಹೋಗಿ, ಅವನ ಪುಕ್ಕಟೆ ಮಾಲಿಗೂ ಅದನ್ನು ಹಂಚಿದ ಕೈಗೂ ಸೇರಿಸಿ ಬಾಯಿಗೆ ಬಂದ ಹಾಗೆ ಬೈದ. ಮುಷ್ಕರದ ವರ್ಷ ಅಂಟಿಸಿದ ಕರಪತ್ರಗಳೂ ಹೀಗೇ ಒಂದೇ ಮಳೆಗೆ ಉದುರಿಹೋಗಿದ್ದವು ಅಂತ ಹಳೆಯ ಗಾಯವನ್ನೂ ಕೆದಕಿದ. ಕರಪತ್ರ ಸ್ಕ್ರೂಡ್ರೈವರ್ ಕೆಳಗಿಡದೆ ಎಲ್ಲ ಕೇಳಿಸಿಕೊಂಡ. ಬೈಗುಳ ಖಾಲಿಯಾದ ಮೇಲೆ, ಚಾಲೂ ಆಗುವಾಗ ಪರದೆಯ ಮೇಲೆ ಓಡುವ ಅಕ್ಷರಗಳಲ್ಲಿ ಏನಾದರೂ ನಿಂತು ಕಂಡಿತಾ ಅಂತ ವಿಚಾರಿಸಿದ. ಡ್ರೈವರ್ ನೆನಪು ಮಾಡಿಕೊಂಡು ಹೇಳಿದ್ದು ಅವನಿಗೆ ಸಾಕಾಯಿತು.

"ನಿನ್ನ ಸೊಸೆ ಈಚೆಗೆ ಯಂತ್ರ ಪೂರ್ತಿ ಆರಿಸ್ತಾ ಇದಾಳಾ?"

"ಮುಚ್ಚಿ ಇಟ್ಟು ಹೋಗ್ತಾಳೆ."

"ಮುಚ್ಚೋದು ಬೇರೆ, ಆರಿಸೋದು ಬೇರೆ. ಮಾಡ್ತಿದ್ದ ಕೆಲಸವೆಲ್ಲ ಬಿಚ್ಚಿದ್ದು ಬಿಚ್ಚಿದ ಹಾಗೇ ಇಟ್ಟು ವಿಂಡೋಸನ್ನ ಮಲಗಿಸಿ ಹೋಗ್ತಾಳೆ ಅಂತ ಕಾಣುತ್ತೆ. ನಾಳೆ ಎಬ್ಬಿಸಿದಾಗ ಎಲ್ಲ ಇದ್ದಲ್ಲೇ ಇರಬೇಕಲ್ಲ, ಅದಕ್ಕೆ. ಈಗ ನೀನೇ ಹೇಳು. ಹಿಂದಿನವನು ಸೀಟು ತಟ್ಟದೆ ಅಲ್ಲೇ ಮಲಗಿದ್ರೆ ನೀನು ಗಾಡಿ ಹತ್ತುತೀಯಾ?"

ಇಲ್ಲ ಅಂತ ಡ್ರೈವರ್ ತಲೆಯಾಡಿಸಿದ.

"ಲಿನಕ್ಸೂ ಹತ್ತಲ್ಲ. ಪಾರ್ಟಿಷನ್ ಇನ್ನೂ ವಿಂಡೋಸಿನ ಕೈಲಿದೆ. ನೋಡಬಹುದು, ಬರೆಯೋ ಹಾಗಿಲ್ಲ. ಬರೆಯೋಕಾಗದ ಪೆಟ್ಟಿಗೆ ಬೇಡ ಅಂತ ಅದು ಬರೀ ತಲೆಯಲ್ಲೇ ಚಾಲೂ ಆಗ್ತಿದೆ. ನಿನ್ನ ಊರು ಎಲ್ಲೂ ಹೋಗಿಲ್ಲ ಮಾರಾಯ, ಮೂಟೆಯೊಳಗೇ ಇದೆ."

 ಬೈದಿದ್ದನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲವಾದ್ದರಿಂದ ಡ್ರೈವರ್ ಎದ್ದುಹೋಗಿ ಎರಡು ಟೀ ತಂದ. ಟೀ ಹೀರುತ್ತ ಕರಪತ್ರ ಇನ್ನೊಂದು ದಾರಿಯನ್ನೂ ಹೇಳಿದ. ಬಲವಂತದ ದಾರಿ. ಒಂದು ಆಜ್ಞೆ ಕೊಟ್ಟರೆ ಲಿನಕ್ಸ್ ವಿಂಡೋಸಿನ ನಿದ್ದೆಯನ್ನೇ ಅಳಿಸಿ ಹಾಕಿ ಪಾರ್ಟಿಷನ್ ವಶಕ್ಕೆ ತೆಗೆದುಕೊಳ್ಳುತ್ತದೆ. ಹೂ ಎತ್ತಿದಷ್ಟು ಸುಲಭ. ಸೊಸೆ ಬಿಚ್ಚಿಟ್ಟು ಹೋದ ಅರ್ಧಂಬರ್ಧ ಕೆಲಸ ಮಾತ್ರ ಬೂದಿ.

"ಮಲಗಿದವನನ್ನ ತಳ್ಳಿ ಗಾಡಿ ಬಿಡು ಅಂತೀಯಾ," ಅಂದ ಡ್ರೈವರ್.

"ನಾನೆಲ್ಲಿ ಹೇಳಿದೆ? ದಾರಿ ಇದೆ ಅಂದೆ. ಸಾಹೇಬರೂ ಹಾಗೇ ತಾನೆ ಹೇಳ್ತಿದ್ದದ್ದು."

ಮನೆಗೆ ನಡೆಯುವಾಗ ಡ್ರೈವರ್‌ಗೆ ಆ ಆಜ್ಞೆ ಬಾಯಿಪಾಠವಾಗಿತ್ತು. ನಾಳೆ ನಸುಕಿನಲ್ಲಿ ನಾಲ್ಕು ಪದ ಒತ್ತಿದರೆ ಊರು ವಾಪಸು, ಸಂದು ಸಿಕ್ಕರೆ ಡಿಪೋ, ಡಿಪೋ ಸಿಕ್ಕರೆ ನಿದ್ದೆ. ಇದೇನು ಯಂತ್ರ ಕೆಟ್ಟಿತೋ ಅಂತ ಸೊಸೆ ಅಂದುಕೊಳ್ಳುತ್ತಾಳೆ, ಅಷ್ಟೇ. ಮೆಟ್ಟಿಲು ಹತ್ತಿ ಒಳಗೆ ಬಂದರೆ ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರದೋ ಯಂತ್ರದಿಂದ ನೆಲಕ್ಕೆ ಸುರಿದ ನೀರಿಗೆ ತಾನು ಕ್ಷಮೆ ಕೇಳುತ್ತಿದ್ದಳು. ಬೆರಳು ಒಂದು ಕಡೆ, ಕಣ್ಣು ಒಂದು ಕಡೆ. ಮುಖ, ಡಬಲ್ ಡ್ಯೂಟಿ ಮುಗಿಸಿ ಮೂರನೆಯದಕ್ಕೆ ಹತ್ತಿದ ಕಂಡಕ್ಟರನ ಮುಖ. ಅಂಥ ಮುಖಗಳನ್ನು ಅವನು ಜೀವಮಾನವಿಡೀ ಹಿಂದಿನ ಕನ್ನಡಿಯಲ್ಲಿ ನೋಡಿದ್ದ.

ಅವಳು ಹೆಡ್‌ಫೋನ್ ತೆಗೆಯುವ ತನಕ ಕಾದ. ಆಮೇಲೆ ಪಕ್ಕದ ಕುರ್ಚಿ ಎಳೆದು ಕೂತು ಎಲ್ಲ ಹೇಳಿಬಿಟ್ಟ. ಕನಸು, ಊರು, ಪೆನ್‌ಡ್ರೈವ್, ಅವಳಿಲ್ಲದಾಗ ಕರಪತ್ರ ಬಂದದ್ದು, ಎರಡನೇ ಪಾರ್ಟಿಷನ್‌ನಲ್ಲಿ ಇಟ್ಟ ಮೂಟೆ. ಹೇಳುತ್ತ ಹೇಳುತ್ತ ತನಗೇ ಇದು ತಲೆ ಕೆಟ್ಟವನ ಮಾತಿನ ಹಾಗೆ ಕೇಳಿಸಿತು.

ಸೊಸೆ ಎದ್ದು ಒಂದು ಲೋಟ ನೀರು ಕುಡಿದಳು.

"ಆ ದಪ್ಪ ಫೈಲು ನಿಮ್ಮದಾ ಮಾವ?"

"ಹೂಂ."

"ವೈರಸ್ಸೋ ಏನೋ ಅಂದ್ಕೊಂಡು ಈ ಭಾನುವಾರ ಅಳಿಸೋಣ ಅಂತಿದ್ದೆ."

 ಸೊಸೆ ಸಿಟ್ಟಾದಳು, ಆದರೆ ಕೂಗಾಡಲಿಲ್ಲ. ಕೇಳಿದ್ದರೆ ನಾನು ಬೇಡ ಅಂತಿದ್ದೆನಾ, ನನ್ನ ಸಾಮಾನಿಗೆ ಈ ಮನೆಯಲ್ಲಿ ಒಂದು ಚಿಲಕವೂ ಇಲ್ಲವಾ ಅಂತ ಕೇಳಿದಳು.  ತಪ್ಪಾಯ್ತು ಅಂದ ಡ್ರೈವರ್. ಆಮೇಲೆ ಅವಳೇ, ಯಂತ್ರ ಆರಿಸದಿರುವ ಕಾರಣ ಹೇಳಿದಳು. ಹೊಸ ಮೇಲ್ವಿಚಾರಕಿ ಬಂದ ಮೇಲೆ ವರದಿಗಳ ಲೆಕ್ಕ ಏರಿದೆ. ಸಂಜೆಗೆ ಮುಗಿಯುವುದಿಲ್ಲ. ಅರ್ಧ ಬರೆದ ವರದಿಯನ್ನು ಕಂಪನಿಯ ಆ ದರಿದ್ರ ಪ್ರೋಗ್ರಾಮು ಉಳಿಸಿಕೊಳ್ಳುವುದಿಲ್ಲ, ಮುಗಿಸಿ ಕಳಿಸಿದರಷ್ಟೇ ಉಳಿಯುತ್ತದೆ. ಅದಕ್ಕೇ ಎಲ್ಲವನ್ನೂ ಬಿಚ್ಚಿಟ್ಟು ಹಾಗೇ ಮಲಗಿಸುವುದು.

"ರಾತ್ರಿ ನಾನು ಮಲಗಿದ್ರೂ ಆ ಗಿರಾಕಿಗಳೆಲ್ಲ ತಲೆಯಲ್ಲಿ ಮಾತಾಡ್ತಾನೇ ಇರ್ತಾರೆ ಮಾವ. ನಿಮಗೆ ಬಸ್ಸು, ನನಗೆ ಸೋರೋ ಮೆಷಿನ್ನು."

"ನಿನಗೂ ಡಿಪೋ ಇಲ್ಲ ಅನ್ನು."

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಡಿಪೋ ಅಂದರೆ ಏನು, ಸೀಟು ತಟ್ಟುವುದು ಅಂದರೆ ಏನು ಅಂತ ಡ್ರೈವರ್ ಅವಳಿಗೆ ಬಿಡಿಸಿ ಹೇಳಿದ. ಬೆನ್ನು ತಿರುಗಿಸಿ ಕೂತ ದಿನದ ಕಥೆ ಬಂದಾಗ ಅವಳು ಗಲ್ಲಕ್ಕೆ ಕೈಯಿಟ್ಟು, ಸಾಹೇಬ ಆಮೇಲೆ ಏನು ಮಾಡಿದ ಅಂತ ಎರಡು ಸಲ ಕೇಳಿದಳು.

ಸಂಜೆ ಆಯಿತು. ಕೆಳಗೆ ಬೀಗದವನು ತನ್ನ ಬಾಗಿಲೆಳೆದ ಸದ್ದು ಕೇಳಿಸಿತು. ಸೊಸೆ ಪರದೆಯ ಮುಂದೆ ಕೂತು, ಮುಗಿಯುವಷ್ಟು ವರದಿ ಮುಗಿಸಿ ಕಳಿಸಿದಳು. ಉಳಿದವನ್ನು ಒಂದೊಂದಾಗಿ ನೋಡಿದಳು: ಒಬ್ಬರ ಬಾಗಿಲು ತೆರೆಯದ ಯಂತ್ರ, ಒಬ್ಬರ ನಡುಗುವ ಯಂತ್ರ, ಹಾಡುತ್ತದೆ ಅಂತ ಒಬ್ಬ ಮುದುಕಿ ದೂರು ಕೊಟ್ಟಿದ್ದ ಯಂತ್ರ. ನಾಳೆ ಮತ್ತೆ ಮೊದಲಿನಿಂದ ಕೇಳಿ ಬರೆಯಬೇಕು.

"ಲೆಕ್ಕ ಕಮ್ಮಿಯಾಯ್ತು ಅಂತ ನಾಳೆ ಬೈತಾರೆ."

"ಬೈಲಿ. ಬೈಸಿಕೊಳ್ಳೋದರಲ್ಲಿ ನಾವು ಪಳಗಿದವರು, ಹೇಳಿಕೊಡ್ತೀನಿ. ನಿನ್ನ ಜೊತೆ ದುಡಿಯೋ ಉಳಿದ ಹುಡುಗೀರಿಗೂ ಸಂಜೆಗೆ ಕೆಲಸ ಮುಗಿಯುತ್ತೋ ಇಲ್ಲವೋ, ಕೇಳು."

ಅವಳು ಆರಿಸುವ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಫ್ಯಾನಿನ ಸದ್ದು ಸಣ್ಣಗಾಗಿ ನಿಂತಿತು. ಮನೆಯಲ್ಲಿ ಇಷ್ಟು ಹೊತ್ತು ಆ ಸದ್ದೊಂದು ಇತ್ತು ಅನ್ನುವುದೇ ಅದು ನಿಂತ ಮೇಲೆ ಗೊತ್ತಾಯಿತು. ಸೊಸೆ ಲ್ಯಾಪ್‌ಟಾಪಿನ ಬೆನ್ನನ್ನು ಎರಡು ಸಲ ತಟ್ಟಿ ಎದ್ದಳು.

ಮಾರನೆಯ ನಸುಕಿನಲ್ಲಿ ಲಿನಕ್ಸ್ ಡ್ರೈವರ್‌ನ ಗುರುತು ಹಿಡಿಯಿತು. ಬೀದಿಗಳೆಲ್ಲ ಇದ್ದಲ್ಲೇ ಇದ್ದವು, ನದಿ ಎರಡೂ ಕಡೆ ಹರಿಯುತ್ತಿತ್ತು. ಸೊಸೆ ಅವತ್ತು ಬೇಗ ಎದ್ದಿದ್ದಳು. ಕೂದಲು ಗಂಟು ಹಾಕಿಕೊಳ್ಳುತ್ತ ಹಿಂದೆ ಬಂದು ನಿಂತು, ಬಹಳ ಹೊತ್ತು ನೋಡಿದಳು. ಛತ್ರಿಯ ಹೆಂಗಸಿನ ಸ್ಟಾಪಿನ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದಳು. ಆಮೇಲೆ ಗಡಿಯಾರ ಬೀದಿಯ ಬೆನ್ನಿನ ಖಾಲಿ ಜಾಗಕ್ಕೆ ಬಂದಳು.

"ಇಲ್ಲಿ ಡಿಪೋ ಬರೆದುಬಿಡಿ ಮಾವ."

"ಕಂಡಿಲ್ಲವಲ್ಲ. ಕಾಣದ್ದನ್ನ ಹೇಗೆ ಬರೆಯಲಿ?"

"ನಿಮ್ಮ ಕನಸು ತಾನೆ? ಯಾರ ಅಪ್ಪಣೆ ಬೇಕು?"

ಅವನಿಗೆ ಮನಸ್ಸು ಬರಲಿಲ್ಲ. ಆಗ ಅವಳೇ ಬಗ್ಗಿ ಮೌಸ್ ಹಿಡಿದಳು. ಚೌಕ ಬರೆಯಹೋಗಿ ಕೈ ಜಾರಿ ಅದು ತಟ್ಟೆಯ ಹಾಗೆ ಗುಂಡಗಾಯಿತು. ಗಡಿಯಾರ ಬೀದಿಯ ಕಡೆಗೆ ಗೆರೆ ಸ್ವಲ್ಪ ಅಳಿಸಿ ಗೇಟು ಮಾಡಿದಳು. ಡಿಪೋ ಅನ್ನುವುದು ಯಾವ ಊರಲ್ಲೂ ಗುಂಡಗಿರುವುದಿಲ್ಲ ಅಂತ ಡ್ರೈವರ್ ಗೊಣಗಿದ. ಅಳಿಸಲಿಲ್ಲ.

ಆ ರಾತ್ರಿ ಮಧ್ಯಾಹ್ನ ಇಳಿದ ಹೊತ್ತಿಗೆ ಅವನು ಗಡಿಯಾರ ರಿಪೇರಿಯವರ ಬೀದಿಗೆ ಬಂದ. ಬಸ್ಸಿನಲ್ಲಿ ಜನ ಖಾಲಿ, ಹಿಂದಿನ ಸೀಟಿನಲ್ಲಿ ಛತ್ರಿಯ ಹೆಂಗಸು ಒಬ್ಬಳೇ. ಯಾವಾಗ ಹತ್ತಿದಳೋ. ಅಂಗಡಿಗಳ ಒಳಗೆ ಗಡಿಯಾರಗಳೆಲ್ಲ ಬೇರೆ ಬೇರೆ ಹೊತ್ತು ತೋರಿಸುತ್ತ ಒಟ್ಟಿಗೆ ಟಿಕ್ ಅನ್ನುತ್ತಿದ್ದವು. ಬೀದಿಯ ಕೊನೆಯಲ್ಲಿ ಗೋಡೆ ಸ್ವಲ್ಪ ಅಳಿಸಿತ್ತು. ಡ್ರೈವರ್ ಗೇರು ಇಳಿಸಿ ತಿರುಗಿಸಿದ. ಒಳಗೆ ಡಿಪೋ ಗುಂಡಗಿತ್ತು, ಗೋಡೆಯ ಗೆರೆ ಒಂದು ಕಡೆ ಸೊಸೆಯ ಕೈ ಜಾರಿದಷ್ಟೇ ಜಾರಿತ್ತು. ಸಾಹೇಬರಿಲ್ಲ, ಲಾಗ್‌ಶೀಟಿಲ್ಲ. ಎಂಜಿನ್ನು ಒಂದು ಸಲ ಕೆಮ್ಮಿ ನಿಂತಿತು. ಅವನು ಹ್ಯಾಂಡ್‌ಬ್ರೇಕ್ ಎಳೆದ. ಸೀಟನ್ನು ಎರಡು ಸಲ ತಟ್ಟಿದ. ಇಳಿದ.

ಎಚ್ಚರವಾದಾಗ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಭುಜ ತನ್ನದಲ್ಲವೇನೋ ಅನ್ನುವಷ್ಟು ಹಗುರ. ಅಡುಗೆ ಮೇಜಿನಲ್ಲಿ ಸೊಸೆ ಆಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಪೆನ್‌ಡ್ರೈವ್ ಟೀ ಲೋಟದ ಪಕ್ಕ ಸುಮ್ಮನೆ ಬಿದ್ದಿತ್ತು. ಅವಳು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, ಇವತ್ತು ಬರೆಯಲಿಲ್ಲವಾ ಅನ್ನುವ ಹಾಗೆ ನೋಡಿದಳು.

"ನಿನ್ನ ಗೇಟು ಅಗಲ ಸಾಲದು," ಅಂದ ಡ್ರೈವರ್, ಟೀಗೆ ಕೈ ಚಾಚುತ್ತ. "ಎಡಗಡೆ ಕನ್ನಡಿ ಉಜ್ಜಿತು."